ಹಳದಿ ಹೂವಿನ ಪ್ಯಾಂಟು

ಕಾನೂನಿನ ಕತೆ ಹೇಳುವಷ್ಟು ನಾನು ಓದಿದವನಲ್ಲ. ನಿಯಮಗಳು ಎಲ್ಲಾದರೂ ಹಿಂದುಮುಂದಾಗಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಪ್ಯಾಂಟಿನ ವಿಷಯದಲ್ಲಿ ಮಾತ್ರ ಒಂದು ಎಳೆಯೂ ಸುಳ್ಳಿಲ್ಲ.

ಪುರಸಭೆಯ ಅಧ್ಯಕ್ಷ ವೃತ್ತಿಯಿಂದ ದರ್ಜಿ. ಎರಡು ಬಣಗಳು ಕುರ್ಚಿಗಾಗಿ ಕಿತ್ತಾಡಿ ಸುಸ್ತಾದಾಗ, ಯಾವ ಬಣಕ್ಕೂ ಸೇರದ ಇವನನ್ನು ಹಿಡಿದು ಕೂರಿಸಿದ್ದರು. ಇವನೋ, ಕಾಜಾ ಹೊಲಿಯುವ ಶ್ರದ್ಧೆಯಲ್ಲಿ ಒಂದೊಂದು ಫೈಲನ್ನೂ ಓದತೊಡಗಿದ. ಉಳಿದ ಎಂಟು ಸದಸ್ಯರು ಓದುವುದನ್ನೇ ಬಿಟ್ಟರು. ದರ್ಜಿ ಮೂರು ಸಲ ರಾಜೀನಾಮೆ ಕೊಟ್ಟ. ಸಭೆ ಒಪ್ಪಿದರೆ ಮಾತ್ರ ಅದು ಊರ್ಜಿತ; ಸಭೆ ಮೂರು ಸಲವೂ ನಕ್ಕು ಚಹಾ ತರಿಸಿತು.

ಇತ್ತ ಅವನ ಹೊಲಿಗೆ ಅಂಗಡಿಯ ಬೀಗಕ್ಕೆ ಜೇಡ ಬಲೆ ಕಟ್ಟಿತ್ತು. ಮಳಿಗೆಯ ಒಡತಿ ಕಡ್ಡಿ ಮುರಿದಂತೆ ಹೇಳಿದ್ದಳು: "ಸೋಮವಾರ ಅಂಗಡಿ ತೆಗೀದಿದ್ರೆ ಮೊಬೈಲ್ ರಿಪೇರಿಯವನಿಗೆ ಕೊಟ್ಟುಬಿಡ್ತೀನಿ ಕಣಪ್ಪಾ."

ಉಳಿದದ್ದು ಒಂದೇ ದಾರಿ, ಮಹಾಭಿಯೋಗ. ಅಧಿಕಾರದಲ್ಲಿರುವವನು ತಪ್ಪು ಮಾಡಿದರೆ ಸದಸ್ಯರೇ ವಿಚಾರಣೆ ನಡೆಸಬೇಕು; ಎಂಟರಲ್ಲಿ ಆರು ಕೈ ಎದ್ದರೆ ಅವನು ಕುರ್ಚಿಯಿಂದ ಇಳಿಯಬೇಕು, ಮತ್ತೆಂದೂ ಯಾವ ಹುದ್ದೆಗೂ ಏರಬಾರದು. ಈ ಸಾಲು ಓದಿ ದರ್ಜಿಯ ಬಾಯಲ್ಲಿ ನೀರೂರಿತು. ಮುಂದಿನ ಪುಟ ತಿರುವುವ ತಾಳ್ಮೆಯೂ ಉಳಿಯಲಿಲ್ಲ.

ಆದರೆ ತಪ್ಪು ಮಾಡುವುದು ಅವನಿಗೆ ಬಾರದ ವಿದ್ಯೆ. ಒಂದು ವಾರ ಯೋಚಿಸಿ, ಸಭಾಂಗಣದ ಹಸಿರು ಪರದೆಯೊಂದನ್ನು ಇಳಿಸಿ ತನಗೊಂದು ಪ್ಯಾಂಟು ಹೊಲಿದುಕೊಂಡ. ಅಂಗೈಯಗಲದ ಹಳದಿ ಹೂಗಳ ಪರದೆ. ಆಮೇಲೆ ಶಿಸ್ತಿಗೆ ಹೆಸರಾದ ಸದಸ್ಯೆ, ನಿವೃತ್ತ ಟೀಚರಮ್ಮನ ಮುಂದೆ ಹೋಗಿ ತಪ್ಪೊಪ್ಪಿಕೊಂಡ. ಆಕೆ ನಿಂತ ಕಾಲಲ್ಲೇ ದೂರು ಬರೆದರು.

ಶನಿವಾರ ವಿಚಾರಣೆ. ಬೆಳಿಗ್ಗೆ ಹೆಂಡತಿ ಬಾಗಿಲಲ್ಲಿ ತಡೆದಳು.

"ಏನ್ರೀ ಇದು, ತೋಟ ಹಾಕ್ಕೊಂಡು ಹೊರಟಿದ್ದೀರಿ?"

"ಸಾಕ್ಷಿ ಕಣೇ."

"ಮೊದಲು ಸಾಕ್ಷಿಯ ಜಿಪ್ ಎಳ್ಕೊಳ್ಳಿ."

ಆರೋಪಿ ಅಧ್ಯಕ್ಷನೇ ಆದ್ದರಿಂದ ವಿಚಾರಣೆ ನಡೆಸುವವನು ಉಪಾಧ್ಯಕ್ಷ, ಔಷಧಿ ಅಂಗಡಿಯವನು. ದರ್ಜಿ ಇಳಿದರೆ ಫೈಲುಗಳ ಗುಡ್ಡ ತನ್ನ ತಲೆಗೇ ಎಂಬ ಭಯಕ್ಕೆ ಅವನು ಬಂದಾಗಿನಿಂದ ಬೆವರು ಒರೆಸುತ್ತಿದ್ದ.

"ಪರದೆ ಇಲಿ ಕಡಿದಿರಬೇಕು," ಎಂದು ಶುರುಮಾಡಿದ.

"ಇಲಿ ಇಷ್ಟು ನೇರವಾಗಿ ಕಡಿಯುತ್ತಾ ಸಾರ್? ಕತ್ತರಿ ಅದು. ನನ್ನದೇ," ಎಂದ ದರ್ಜಿ.

"ನಿಮ್ಮ ಹೆಸರು ಕೆಡಿಸೋಕೆ ಯಾರೋ ಮಾಡಿರ್ತಾರೆ."

"ಹಾಗಾದ್ರೆ ಇದೇನು?" ದರ್ಜಿ ಕುರ್ಚಿ ಹತ್ತಿ, ಅಂಗಡಿಯ ಗೊಂಬೆಯಂತೆ ಒಂದು ಸುತ್ತು ತಿರುಗಿದ.

ಬೇಕರಿ ನಡೆಸುವ ಸದಸ್ಯ ಕಣ್ಣರಳಿಸಿದ. "ಫಿಟ್ಟಿಂಗ್ ಬೊಂಬಾಟಾಗಿದೆ ಮಾರಾಯ. ಪಕ್ಕದ ಪರದೇಲಿ ನಂಗೊಂದು ಆಗುತ್ತಾ?"

ಇನ್ನೊಬ್ಬ ಎದ್ದು, "ಸಭಾಂಗಣಕ್ಕೆ ಗಾಳಿ ಬೆಳಕು ತಂದಿದ್ದಕ್ಕೆ ಅಧ್ಯಕ್ಷರಿಗೆ ಅಭಿನಂದನೆ ಸಲ್ಲಿಸೋಣ," ಎಂದ.

ದರ್ಜಿ ಕುರ್ಚಿಯಿಂದ ಇಳಿದು ಕೈ ಮುಗಿದ. "ನಾನು ಕಳ್ಳ. ನಿಮ್ಮ ಕಾಲಿಗೆ ಬೀಳ್ತೀನಿ, ದಯವಿಟ್ಟು ನಂಬಿ."

ಟೀಚರಮ್ಮ ಮೇಜು ಕುಟ್ಟಿದರು. "ತಪ್ಪು ಮಾಡಿದೋನೇ ಒಪ್ಕೊಂಡ ಮೇಲೆ ನಿಮ್ಮದೇನ್ರೋ ವಕಾಲತ್ತು? ಎತ್ತಿ ಕೈ."

ಆ ದನಿಗೆ ಹಳೆಯ ಶಿಷ್ಯರ ಕೈಗಳು ತಾವಾಗಿಯೇ ಎದ್ದವು. ಟೀಚರಮ್ಮನದೂ ಸೇರಿ ಐದು. ಇನ್ನೊಂದು ಬೇಕು. ಉಪಾಧ್ಯಕ್ಷ ತನ್ನ ಕೈಯನ್ನು ತೊಡೆಯಡಿ ಒತ್ತಿಟ್ಟುಕೊಂಡಿದ್ದ. ಅಷ್ಟರಲ್ಲಿ ಗುಮಾಸ್ತ ಬಗ್ಗಿ, ನಿಯಮ ಪುಸ್ತಕದ ಮುಂದಿನ ಪುಟ ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟ. ಉಪಾಧ್ಯಕ್ಷ ಎರಡು ಸಲ ಓದಿದ. ಕರೆಂಟು ಬಂದ ಮನೆಯಂತೆ ಮುಖ ಬೆಳಗಿತು. ಎರಡೂ ಕೈ ಎತ್ತಿದ.

"ಒಂದು ಸಾಕು ಸಾರ್," ಎಂದ ಗುಮಾಸ್ತ.

ದರ್ಜಿ ಸೀದಾ ಬಾಗಿಲಿನತ್ತ ಓಡಿದ. ಜೇಬಿನಲ್ಲಿ ಅಂಗಡಿಯ ಕೀಲಿ ಆಗಲೇ ಕೈಗೆ ಸಿಕ್ಕಿತ್ತು.

"ಶಿಕ್ಷೆ ಪೂರ್ತಿ ಕೇಳ್ಕೊಂಡು ಹೋಗಿ," ಎಂದು ಗುಮಾಸ್ತ ಓದಿದ: "ಹಾಳು ಮಾಡಿದ್ದನ್ನು ಅಪರಾಧಿಯು ಸ್ವಂತ ಕೈಯಿಂದ ಸರಿಪಡಿಸತಕ್ಕದ್ದು. ಮುಗಿಯುವವರೆಗೆ ಕಚೇರಿ ವೇಳೆಯಲ್ಲಿ ಕಚೇರಿಯಲ್ಲೇ ಹಾಜರಿರತಕ್ಕದ್ದು."

"ಒಂದು ಪರದೆ ತಾನೆ? ನಾಳೆ ಭಾನುವಾರ ಬಂದು ಮುಗಿಸ್ತೀನಿ."

"ಭಾನುವಾರ ಕಚೇರಿ ಇಲ್ಲ," ಎಂದ ಔಷಧಿ ಅಂಗಡಿಯವನು, ಈಗ ಅಧ್ಯಕ್ಷ. "ಮೇಲಾಗಿ ಈ ಹೂವಿನ ಬಟ್ಟೆ ಈಗ ಎಲ್ಲೂ ಸಿಗಲ್ಲ. ಒಂದು ಕಿಟಕಿಗೆ ಒಂಥರ, ಇನ್ನೊಂದಕ್ಕೆ ಇನ್ನೊಂಥರ ಚೆನ್ನಾಗಿರುತ್ತಾ? ಮೂವತ್ತೆರಡು ಕಿಟಕಿಗೂ ಹೊಸದೇ ಹೊಲಿದುಬಿಡಿ."

ಸೋಮವಾರ ದರ್ಜಿಯ ಮಷೀನು ಬಂದು ಅಧ್ಯಕ್ಷರ ಕೋಣೆಯಲ್ಲಿ, ಅವನ ಹಳೆಯ ಕುರ್ಚಿಯ ಪಕ್ಕದಲ್ಲೇ ಕೂತಿತು. ಅದೇ ಹೊತ್ತಿಗೆ ಮಳಿಗೆಯಲ್ಲಿ ಮೊಬೈಲಿನವನು ಬೋರ್ಡು ಹಾಕಿಸುತ್ತಿದ್ದ. ಹತ್ತು ಗಂಟೆಗೆ ಹೊಸ ಅಧ್ಯಕ್ಷ ಫೈಲುಗಳ ಕಟ್ಟನ್ನು ಮಷೀನಿನ ಮೇಲಿಟ್ಟ.

"ಸುಮ್ನೆ ಒಂದು ಸಲ ಕಣ್ಣಾಡಿಸಿ. ಸಹಿ ಬೇಕಾದ್ರೆ ನಾನೇ ಹಾಕ್ಕೋತೀನಿ."

ದರ್ಜಿ ಗುಮಾಸ್ತನ ಕಿವಿಯಲ್ಲಿ ಕೇಳಿದ: "ಇದಕ್ಕೆ ರಾಜೀನಾಮೆ ಕೊಡಬಹುದಾ?"

"ನಿಮಗೀಗ ಹುದ್ದೆಯೇ ಇಲ್ವಲ್ಲ ಸಾರ್. ಯಾವುದಕ್ಕೆ ಕೊಡ್ತೀರಿ?"

ಆ ಪರದೆಗಳು ಇಂದಿಗೂ ಮುಗಿದಿಲ್ಲ. ಹಿಂದಿನ ದಿನ ಹೊಲಿದಿಟ್ಟದ್ದು ಮಾರನೆಯ ಬೆಳಿಗ್ಗೆ ನೀಟಾಗಿ ಬಿಚ್ಚಿರುತ್ತದೆ, ದಾರವನ್ನು ಯಾರೋ ಉಂಡೆಗೆ ಸುತ್ತಿಟ್ಟಿರುತ್ತಾರೆ. ಕಚೇರಿಯ ಬೀಗದ ಕೈ ಎಂಟೂ ಸದಸ್ಯರ ಬಳಿ ಇದೆ, ಗುಮಾಸ್ತನ ಬಳಿಯೂ ಇದೆ. ಬಿಚ್ಚುವವರು ಯಾರೆಂದು ನನಗೆ ಗೊತ್ತಾಗಿಲ್ಲ.