ಮೂರನೇ ಹಾಡಿನ ಸಿಳ್ಳೆ

ಭಾನುವಾರ ಬೆಳಿಗ್ಗೆ ಸಿಕಂದರಾಬಾದಿನ ತಮ್ಮ ಮನೆಯಲ್ಲಿ ಅಮರೇಶಪ್ಪನವರು ಕಡಕ್ ಸಜ್ಜೆ ರೊಟ್ಟಿಯನ್ನು ಕಚ್ಚಿದರು. ಕಟ್ ಎಂದಿತು. ರೊಟ್ಟಿ ಮುರಿಯಿತೆಂದು ಖುಷಿಯಾಗಿ ಶೇಂಗಾ ಚಟ್ನಿಗೆ ಕೈ ಹಾಕಿದರೆ ರೊಟ್ಟಿ ಇದ್ದ ಹಾಗೇ ಇತ್ತು. ಮುರಿದದ್ದು ಮುಂದಿನ ಹಲ್ಲು.

ಬೇರೆ ಯಾವ ದಿನವಾಗಿದ್ದರೂ ಅವರು ಹಲ್ಲನ್ನು ಆಚೆ ಎಸೆದು, ರೊಟ್ಟಿಯನ್ನು ಚಹಾದಲ್ಲಿ ನೆನೆಸಿಕೊಂಡು ತಿಂದು ಸುಮ್ಮನಾಗುತ್ತಿದ್ದರು. ಆದರೆ ಇವತ್ತು ಸಂಜೆ ಊರಿನ ಆ ತುದಿಯ ಮಾದಾಪುರದಲ್ಲಿ ಒಂದು ಕೋಣೆ ತುಂಬ ಜನರ ಮುಂದೆ ಅವರು ಸಿಳ್ಳೆ ಹೊಡೆಯಬೇಕಿತ್ತು. ಆ ಹಲ್ಲಿಲ್ಲದೆ ಸಿಳ್ಳೆ ಇಲ್ಲ.

ಈ ಸಿಳ್ಳೆಯ ಹಿಂದಿನ ಕತೆಯನ್ನು ಹೇಳಿಬಿಡುತ್ತೇನೆ. ರಾಯಚೂರು ಕಡೆ ಒಂದು ಕಾಲಕ್ಕೆ ‘ನಾಲ್ಕು ದಿಕ್ಕು’ ಎಂಬ ಪಾಪ್ ಬ್ಯಾಂಡು ಭಾರೀ ಹೆಸರು ಮಾಡಿತ್ತು. ನಾಲ್ವರು ಹುಡುಗರು, ನಾಲ್ಕು ಕ್ಯಾಸೆಟ್ಟು, ಆಮೇಲೆ ಪೋಸ್ಟರಿನಲ್ಲಿ ಯಾರ ಮುಖ ದೊಡ್ಡದಿರಬೇಕೆಂದು ಜಗಳ. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಕೂದಲು ಹೋಗಿ, ಹೊಟ್ಟೆ ಬಂದು, ಬುದ್ಧಿಯೂ ಬಂದ ಮೇಲೆ, ಹದಿನಾರು ವರ್ಷದ ಹಿಂದೆ, ಮತ್ತೆ ಒಂದಾಗಿ ಸಿಕಂದರಾಬಾದಿನ ಒಂದು ಸ್ಟುಡಿಯೋದಲ್ಲಿ ‘ಕೂಡಿ ಬಂದೇವ’ ಎಂಬ ಆಲ್ಬಮ್ ಮಾಡಿದರು. ಕೋರಸ್ಸಿಗೆ ಅಭಿಮಾನಿಗಳನ್ನೇ ಕರೆದಿದ್ದರು. ಮೂರನೇ ಹಾಡಿನ ನಡುವೆ, ಡ್ರಮ್ಮು ನಿಂತ ಕೂಡಲೇ, ಒಂದು ಸಿಳ್ಳೆ ಬರುತ್ತದೆ. ಉದ್ದನೆಯದು, ಕೊನೆಗೆ ಸ್ವಲ್ಪ ಮೇಲೇರುವಂಥದು. ಅದು ತಮ್ಮದೆಂದು ಅಮರೇಶಪ್ಪನವರು ಅಂದಿನಿಂದ ಹೇಳುತ್ತ ಬಂದಿದ್ದರು. ಕಚೇರಿಗೆ ಗುಮಾಸ್ತರಾಗಿ ಸೇರಿ ಗುಮಾಸ್ತರಾಗಿಯೇ ಉಳಿದ ಮನುಷ್ಯ ಅವರು. ಎದೆ ಉಬ್ಬಿಸಿ ಹೇಳಿಕೊಳ್ಳಲು ಇದ್ದದ್ದು ಅದೊಂದೇ ಸಿಳ್ಳೆ.

ನಂಬದವರಿದ್ದರು. ಎದುರು ಮನೆಯ ಮೋಹನರಾಯರು ಅವರ ಮುಂದಾಳು. “ಅದು ಕೀಬೋರ್ಡಿನ ಸೀಟಿರಿ, ಅಮರೇಶಪ್ಪ. ಮನಷ್ಯಾನ ಬಾಯಾಗ ಅಷ್ಟು ಸಾಫ್ ಬರೂದಿಲ್ಲ,” ಎಂದು ಪ್ರತಿ ರಾಜ್ಯೋತ್ಸವದ ಊಟದಲ್ಲಿ, ಹೋಳಿಗೆ ಬಡಿಸುವ ಹೊತ್ತಿಗೆ ಸರಿಯಾಗಿ ಹೇಳುತ್ತಿದ್ದರು. ಅಮರೇಶಪ್ಪನವರಿಗೆ ಆಮೇಲೆ ಹೋಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಈಗ ಕಾವ್ಯಾ ಎಂಬ ಮೈಸೂರಿನ ಸಾಫ್ಟ್‌ವೇರ್ ಹುಡುಗಿ ಆ ಆಲ್ಬಮ್ಮನ್ನು ಮತ್ತೆ ಕೇಳುವ ಪಾಡ್‌ಕಾಸ್ಟ್ ಶುರು ಮಾಡಿದ್ದಳು. ಒಂದು ಕಂತಿಗೆ ಒಂದು ಹಾಡು. ಅಭಿಮಾನಿಗಳು ಬಂದು ನೆನಪು ಹಂಚಿಕೊಳ್ಳುವುದು. ಹಳೆಯ ಸ್ಟುಡಿಯೋದಿಂದ ಮೂಲ ರೆಕಾರ್ಡಿಂಗನ್ನೂ ತರಿಸಿದ್ದಳು. ಅದರಲ್ಲಿ ಡ್ರಮ್ಮು ಬೇರೆ, ಗಿಟಾರು ಬೇರೆ, ಕೋರಸ್ಸಿನ ಒಂದೊಂದು ಮೈಕೂ ಬೇರೆ ಬೇರೆಯಾಗಿ ಕೇಳುತ್ತಿತ್ತಂತೆ. ಆಲ್ಬಮ್ ಆನ್‌ಲೈನಿನಲ್ಲಿ ಹೊಸದಾಗಿ ಬಿಡುಗಡೆಯಾಗುವುದಿತ್ತು. ಇಂದಿನ ಕಂತಿನಲ್ಲಿ ಸಿಳ್ಳೆ ಅಮರೇಶಪ್ಪನವರದೇ ಎಂದು ಸಾಬೀತಾದರೆ ಹಾಡಿನ ಕೆಳಗೆ ‘ಸಿಳ್ಳೆ: ಅಮರೇಶಪ್ಪ’ ಎಂದು ಹೆಸರು ಬರುತ್ತದೆ. ಆಗದಿದ್ದರೆ ಮೋಹನರಾಯರು ಬದುಕಲು ಬಿಡುವುದಿಲ್ಲ.

“ಅಯ್ಯ ನನ್ನ ಶಿವನ! ಹಲ್ಲ ಹೋತಲ್ರಿ!” ಹೆಂಡತಿ ಉಮಾಬಾಯಿ ಗಂಡನ ಬಾಯೊಳಗೆ ಬಗ್ಗಿ ನೋಡಿದಳು. “ನಿಮ್ಮ ಮೈನ ಹಂಗ. ಭಾಳ ನಾಜೂಕು.”

ರೊಟ್ಟಿ ತಂದವನು ಅವಳ ತಮ್ಮ ವಿಜಯಕುಮಾರ. ಹೊಸ ಮನೆಯ ಗೃಹಪ್ರವೇಶಕ್ಕೆ ಕರೆಯಲು ನಿನ್ನೆ ರಾಯಚೂರಿನಿಂದ ಬಂದವನು, ಮಾವನ, ಅಂದರೆ ಅಕ್ಕನ ಗಂಡನ, ಸಿಳ್ಳೆ ಕೇಳಿಯೇ ಹೋಗುತ್ತೇನೆಂದು ಉಳಿದಿದ್ದ. ಕರೆಯಲು ಬಂದದ್ದು ಅಕ್ಕನನ್ನು ಮಾತ್ರ. ಮಾವನನ್ನು ತಮ್ಮ ಕಡೆಯ ಕಾರ್ಯಗಳಿಗೆ ಒತ್ತಾಯ ಮಾಡುವ ಪದ್ಧತಿ ಆ ಮನೆಯಲ್ಲಿ ಇರಲೇ ಇಲ್ಲ. ವಿಜಯಕುಮಾರನ ನಿಶ್ಚಯಕ್ಕೆ ಉಮಾಬಾಯಿ ಒಬ್ಬಳೇ ಹೋಗಿದ್ದಳು; ಅಮರೇಶಪ್ಪನವರಿಗೆ ಅಂದು ಕೆಂಡದಂಥ ಜ್ವರ. ಫೋನಿನಲ್ಲಿ ಮಾತು ಹೊರಡದೆ ಬರೀ ನರಳಿದ್ದರು. ಪ್ರಯಾಣ ಎಂದರೆ ಅವರ ಮೈಗೆ ಆಗಿಬರುವುದಿಲ್ಲವೆಂದು ಅಂದೇ ಆ ಕಡೆಯ ಹಿರಿಯರೆಲ್ಲ ತೀರ್ಮಾನಿಸಿದರು. ಅಲ್ಲಿಂದಾಚೆಗೆ ಮದುವೆಯಿರಲಿ, ಕುಬಸವಿರಲಿ, ಜವಳವಿರಲಿ, ಅಮರೇಶಪ್ಪನವರು ಮನೆಯಲ್ಲಿ ಫ್ಯಾನಿನ ಕೆಳಗೆ ಆರಾಮಾಗಿ ಮಲಗುವರು. ಅವರ ಪಾಲಿನ ಬುಂದಿ ಲಾಡು ಡಬ್ಬಿಯಲ್ಲಿ ಬರುವುದು.

“ಆ ಜ್ವರದಿಂದ ಎದ್ದು, ಮುಂದಿನ ವಾರನ ಹೋಗಿ ಆ ಸೀಟಿ ಹೊಡದಾರ,” ಎಂದು ಉಮಾಬಾಯಿ ಕಂಡವರಿಗೆಲ್ಲ ಹೇಳುತ್ತಿದ್ದಳು. “ನಿಲ್ಲಾಕ ತ್ರಾಣ ಇರ್ಲಿಲ್ಲ. ಆದ್ರೂ ಹೊಡದ್ರು.”

ವಿಜಯಕುಮಾರನಿಗೆ ತನ್ನ ರೊಟ್ಟಿಯಿಂದ ಹೀಗಾಯಿತಲ್ಲ ಎಂದು ಅಳುವೇ ಬಂದಿತ್ತು. “ಮಾವಾರ, ಚಿಂತಿ ಮಾಡಬ್ಯಾಡ್ರಿ. ನಾ ಅದೀನಲ್ಲ,” ಎಂದು ಶುಂಠಿ ಕಷಾಯ ಕುದಿಸಿ ಥರ್ಮಾಸಿಗೆ ತುಂಬಿದ. ಹಲ್ಲಿಗೂ ಶುಂಠಿಗೂ ಏನು ಸಂಬಂಧವೆಂದು ಯಾರೂ ಕೇಳಲಿಲ್ಲ.

ಹಲ್ಲಿನ ಡಾಕ್ಟರಿಗೆ ಭಾನುವಾರ ರಜೆ. ಅಮರೇಶಪ್ಪನವರು ಬಾಲ್ಕನಿಗೆ ಹೋಗಿ ಎರಡು ಬೆರಳು ಬಾಯಿಗಿಟ್ಟು ಊದಿದರು. ಫುಸ್ ಎಂದು ಗಾಳಿ ಬಂತು. ಇನ್ನೊಮ್ಮೆ ಊದಿದರು. ಗಾಳಿಯ ಜೊತೆಗೆ ಚಟ್ನಿಯೂ ಬಂತು.

ಮೇಲಿನ ಮನೆಯ ಜಯಮ್ಮ ಬಗ್ಗಿ ನೋಡಿ, “ಅಯ್ಯಯ್ಯೋ, ಪನ್ನು ಊಡಿಪೋಯಿಂದಾ?” ಎಂದು ಹಲ್ಲು ಬಿದ್ದದ್ದಕ್ಕೆ ತೆಲುಗಿನಲ್ಲಿ ಮರುಗಿ, ಕೆಳಗಿಳಿದು ಬಂದಳು. ಜಯಮ್ಮನ ಬಳಿ ಪ್ರಪಂಚದ ಎಲ್ಲ ರೋಗಕ್ಕೂ ಮದ್ದಿತ್ತು. “ಗೋಧಿಹಿಟ್ಟು ಕಲಸಿ ಸಂದ್ಯಾಗ ಮೆತ್ರಿ,” ಎಂದಳು. ಮೆತ್ತಿದರು, ಊದಿದಾಗ ಹಿಟ್ಟು ಹಾರಿ, ಬಾಗಿಲಲ್ಲಿ ಆಗತಾನೇ ಕಾಣಿಸಿಕೊಂಡ ಮೋಹನರಾಯರ ಕನ್ನಡಕಕ್ಕೆ ಅಂಟಿತು.

ರಾಯರು ಕನ್ನಡಕ ಒರೆಸಿಕೊಳ್ಳುತ್ತ ನಕ್ಕರು. “ಇವತ್ತ ಹಲ್ಲ ಬಿತ್ತೇನ್ರಿ? ಭಾಳ ಅನುಕೂಲ ಆತು ಬಿಡ್ರಿ. ಇನ್ನ ತಪ್ಪೆಲ್ಲಾ ಹಲ್ಲಿನ ಮ್ಯಾಲ ಹಾಕಬಹುದು.”

ಈ ಮಾತು ಅಮರೇಶಪ್ಪನವರಿಗೆ ಹಲ್ಲಿನ ನೋವಿಗಿಂತ ಹೆಚ್ಚು ನಾಟಿತು. “ಹೊಡದ ತೋರಸ್ತೀನಿ. ಬರ್ರಿ ನೀವೂ!” ಎಂದರು. ಹಲ್ಲಿಲ್ಲದ್ದರಿಂದ ಆ ಮಾತಿನಲ್ಲೂ ಗಾಳಿಯೇ ಹೆಚ್ಚಾಗಿತ್ತು.

ಕೊನೆಗೆ ಜಯಮ್ಮನದೇ ಇನ್ನೊಂದು ಮದ್ದು ಕೈ ಹಿಡಿಯಿತು. ಮೇಣದಬತ್ತಿಯ ಮೇಣ ಮೆತ್ತಗೆ ಮಾಡಿ ಸಂದಿಗೆ ಒತ್ತಿ, ಬಾಯಿ ಮುಚ್ಚಿಕೊಂಡಿರಬೇಕು. ಮಾತಾಡಬಾರದು, ಬಿಸಿ ಕುಡಿಯಬಾರದು. ಅಮರೇಶಪ್ಪನವರು ಮೌನವ್ರತ ಹಿಡಿದು ಮೆಟ್ರೋ ಹತ್ತಿದರು. ಒಂದು ಪಕ್ಕ ಉಮಾಬಾಯಿ, ಇನ್ನೊಂದು ಪಕ್ಕ ಥರ್ಮಾಸು ಹಿಡಿದ ವಿಜಯಕುಮಾರ, ಎದುರಿಗೆ ಮೋಹನರಾಯರು.

ಬೇಗಂಪೇಟ ದಾಟುತ್ತಿದ್ದಂತೆ ಅವರಿಗೆ ತಡೆಯಲಾಗಲಿಲ್ಲ. ಮೇಣ ಕೂತಿದೆಯೋ ಇಲ್ಲವೋ ಎಂದು ಸಣ್ಣಗೆ, ಯಾರಿಗೂ ಕೇಳದ ಹಾಗೆ ಊದಿ ನೋಡಿದರು.

ಬಂತು ಸಿಳ್ಳೆ! ಉದ್ದನೆಯದು, ಕೊನೆಗೆ ಸ್ವಲ್ಪ ಮೇಲೇರುವಂಥದು. ಬೋಗಿಯೆಲ್ಲ ತಿರುಗಿ ನೋಡಿತು. ಅವರ ಮುಂದೆ ಕಂಬಿ ಹಿಡಿದು ನಿಂತಿದ್ದ ದಪ್ಪನೆಯ ಹೆಂಗಸು ನಿಧಾನವಾಗಿ ತಿರುಗಿ, “ಕ್ಯಾ ಹೋನಾ ಜೀ ತುಮಕೊ?” ಎಂದು, ಏನು ಬೇಕು ನಿನಗೆ ಎನ್ನುವಂತೆ ದುರುಗುಟ್ಟಿದಳು.

ಅಮರೇಶಪ್ಪನವರು ಗಾಬರಿಯಿಂದ ಉಗುಳು ನುಂಗಿದರು. ಉಗುಳಿನ ಜೊತೆ ಮೇಣವೂ ಹೋಯಿತು.

“ನಮ್ಮ ಯಜಮಾನ್ರು. ಸೀಟಿ ಕಾ ಪ್ರಾಕ್ಟೀಸ್ ಕರ್‌ರೈ,” ಎಂದು ಉಮಾಬಾಯಿ ನಡುವೆ ಬಂದಳು. “ರೇಡಿಯೋ ಮೇ ಆತೇ.” ಪಾಡ್‌ಕಾಸ್ಟ್ ಎಂದರೇನೆಂದು ಆ ತಾಯಿಗೆ ವಿವರಿಸುವಷ್ಟು ಹೊತ್ತು ಅಲ್ಲಿ ಇರಲಿಲ್ಲ. ಹೆಂಗಸು ಅಮರೇಶಪ್ಪನವರನ್ನು ಮೇಲಿಂದ ಕೆಳಗೆ ನೋಡಿ, “ಇಸ್ ಉಮರ್ ಮೇ?” ಎಂದು, ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ ಎನ್ನುವಂತೆ, ಉಮಾಬಾಯಿಯ ಕಡೆಗೆ ಕನಿಕರ ಬೀರಿ ಇಳಿದುಹೋದಳು.

“ಈಗ ಬಂತಲ್ರಿ, ಕೇಳಿದ್ರಿಲ್ಲೊ?” ಎಂದು ಅಮರೇಶಪ್ಪನವರು ಮೋಹನರಾಯರನ್ನು ಕೇಳಿದರು.

“ನಾ ಕಿಟಕಿ ಹೊರಗ ನೋಡಾಕತ್ತಿದ್ದೆ,” ಎಂದರು ರಾಯರು.

ಮಾದಾಪುರದಲ್ಲಿ ಕಾವ್ಯಾಳ ಫ್ಲ್ಯಾಟಿನ ಹಾಲ್ ಜನರಿಂದ ತುಂಬಿ ಹೋಗಿತ್ತು. ಕಲಬುರಗಿ, ಬೀದರ, ಮಂಗಳೂರು ಎಂದು ಎಲ್ಲ ಕಡೆಯ ಅಭಿಮಾನಿಗಳು ಚಾಪೆಯ ಮೇಲೆ ಕೂತಿದ್ದರು. ಮೂರನೇ ಹಾಡು ಹಾಕಿದಾಗ ಎಲ್ಲರೂ ತಲೆದೂಗಿದರು. ಸಿಳ್ಳೆ ಬಂದ ಕೂಡಲೇ ಎಲ್ಲರ ಕಣ್ಣೂ ಅಮರೇಶಪ್ಪನವರ ಕಡೆ.

“ಸಾರ್, ಈಗ ನೀವು,” ಎಂದು ಕಾವ್ಯಾ ಮೈಕು ಮುಂದಿಟ್ಟಳು.

ಅವರು ಎದ್ದು ನಿಂತರು. ಬೆರಳು ಬಾಯಿಗಿಟ್ಟರು. ಕಣ್ಣು ಮುಚ್ಚಿದರು. ಇಡೀ ಜೀವ ಒಟ್ಟು ಮಾಡಿ ಊದಿದರು.

ಫುಸ್.

ಯಾರೋ ಕಿಸಕ್ಕೆಂದರು. ಮೋಹನರಾಯರು, “ಕುಕ್ಕರಿನ ಗ್ಯಾಸ್ಕೆಟ್ ಹೋಗೇತಿ,” ಎಂದದ್ದೇ ಹಾಲಿಗೆ ಹಾಲೇ ನಕ್ಕಿತು. ಅಮರೇಶಪ್ಪನವರ ಕಣ್ಣಲ್ಲಿ ನೀರು ಬಂತು. ಹದಿನಾರು ವರ್ಷ ಹೇಳಿಕೊಂಡು ಬಂದದ್ದು ಸುಳ್ಳಲ್ಲ, ಖಂಡಿತ ಸುಳ್ಳಲ್ಲ. ಆದರೆ ಇವರಿಗೆ ಹೇಗೆ ಹೇಳುವುದು? ವಿಜಯಕುಮಾರ ಮಾತ್ರ ಎದ್ದು ಬಂದು ಅವರ ಭುಜ ಹಿಡಿದು, ಕಷಾಯ ಬಗ್ಗಿಸಿ ಕೊಟ್ಟ. “ಹಲ್ಲಿನಿಂದ ಹಿಂಗಾಗೇತ್ರಿ. ನಮ್ಮ ಮಾವಾರು ಸುಳ್ಳ ಹೇಳೂ ಮನಷ್ಯಾ ಅಲ್ಲ!” ಎಂದು ಎಲ್ಲರನ್ನೂ ಗದರಿಸಿದ.

“ಟೆನ್ಷನ್ ಮಾಡ್ಕೋಬೇಡಿ ಸಾರ್,” ಎಂದಳು ಕಾವ್ಯಾ. “ಕೋರಸ್ ಮೈಕಿಂದು ಬೇರೆ ಟ್ರ್ಯಾಕ್ ಇದೆಯಲ್ಲ. ಅದನ್ನೇ ಕೇಳೋಣ. ನಾನೂ ಇನ್ನೂ ಕೇಳಿಲ್ಲ.” ಲ್ಯಾಪ್‌ಟಾಪಿನ ಮೇಲೆ ಬೆರಳಾಡಿಸಿದಳು.

ಡ್ರಮ್ಮು ಇಲ್ಲ, ಗಿಟಾರು ಇಲ್ಲ. ಕೆಮ್ಮು, ಕಾಲಿನ ಸಪ್ಪಳ. ಆಮೇಲೆ ಸಿಳ್ಳೆ! ಒಂಟಿಯಾಗಿ, ಶುದ್ಧವಾಗಿ ಹಾಲಿನ ತುಂಬ ಹರಿಯಿತು. ಅದು ನಿಂತ ಮೇಲೆ ರೆಕಾರ್ಡಿಂಗ್ ಮಾಡುವವನ ದನಿ: “ಭಲೇ! ಯಾರ್ರಿ ಸೀಟಿ ಹೊಡದವರು?”

“ನಾನ್ರಿ. ಅಮರೇಶಪ್ಪ.”

ಚಪ್ಪಾಳೆಯೋ ಚಪ್ಪಾಳೆ. ಉಮಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ವಿಜಯಕುಮಾರ ಮಾವನನ್ನು ತಬ್ಬಿಕೊಂಡ. ಮೋಹನರಾಯರು ಎದ್ದು ಕೈ ಜೋಡಿಸಿ, “ಮನಷ್ಯಾಂದ ಸೀಟಿರಿ. ನಾ ಒಪ್ಪಿದೆ,” ಎಂದರು. ಕಾವ್ಯಾ ನಿಲ್ಲಿಸಲು ಕೈ ಚಾಚಿದಳು.

ಗೆದ್ದ ಅಮರೇಶಪ್ಪನವರಿಗೆ ಇಷ್ಟು ಸಾಲಲಿಲ್ಲ. “ನಿಲ್ಲಸಬ್ಯಾಡವ್ವ!” ಎಂದು ಕೂಗಿದರು. “ಓಡಲಿ. ರಾಯರು ಪೂರಾ ಕೇಳಲಿ. ಆಮ್ಯಾಲ ಮತ್ತ ಸಂಶಯ ಉಳೀಬಾರದು.”

ಟ್ರ್ಯಾಕು ಓಡಿತು.

“ಭಾಳ ಖುಷ್ಯಾಗ ಅದೀರಲ್ರಿ ಅಮರೇಶಪ್ಪ,” ಎಂದಿತು ರೆಕಾರ್ಡಿಂಗಿನವನ ದನಿ.

“ಖುಷಿ ಆಗದ ಏನ್ರಿ!” ಎಂದಿತು ಹದಿನಾರು ವರ್ಷ ಹಿಂದಿನ, ಎಲ್ಲ ಹಲ್ಲೂ ಇದ್ದ ಸ್ಪಷ್ಟವಾದ ದನಿ. “ಇವತ್ತ ರಾಯಚೂರಾಗ ನನ್ನ ಹೆಂಡತಿ ತಮ್ಮನ ನಿಶ್ಚಯ. ಜ್ವರ ಬಂದಾವ ಅಂತ ಹೇಳಿ ತಪ್ಪಿಸಿಕೊಂಡ ಬಂದೀನಿ. ಫೋನಿನ್ಯಾಗ ನಾಕ ಸಲ ನರಳಿದ್ರ ಮುಗೀತು, ನಂಬತಾರ. ಪಾಪ, ಮಂದಿ ಭಾಳ ಛಲೋರಿ.”

ಮೋಹನರಾಯರು ಕಿಟಕಿ ಹೊರಗೆ ನೋಡತೊಡಗಿದರು. ವಿಜಯಕುಮಾರ ಮಾವನ ಕೈಯಿಂದ ಕಷಾಯದ ಲೋಟವನ್ನು ಮೆಲ್ಲಗೆ ಇಸಿದುಕೊಂಡು, ತಾನೇ ಕುಡಿದು, ಥರ್ಮಾಸಿನ ಮುಚ್ಚಳ ತಿರುವಿದ.

“ಸೂಪರ್ ಸಾರ್!” ಎಂದಳು ಕಾವ್ಯಾ, ಯಾರ ಮುಖವನ್ನೂ ಗಮನಿಸದೆ. “ಇಡೀ ಕಂತಿನಲ್ಲಿ ಇದೇ ಬೆಸ್ಟ್. ಒಂದು ಅಕ್ಷರ ಕಟ್ ಮಾಡಲ್ಲ.”

ಮರಳುವಾಗ ಮೆಟ್ರೋದಲ್ಲಿ ಅಮೀರ್‌ಪೇಟದ ಹತ್ತಿರ ವಿಜಯಕುಮಾರ ಬಾಯಿ ಬಿಟ್ಟ. “ಮಾವಾರ, ಗೃಹಪ್ರವೇಶಕ್ಕ ನೀವೂ ಬರ್ರಿ. ಹಂದರ ಹಾಕೂ ದಿನಾನ ಬಂದು, ಪಾತ್ರಿ ತೊಳದ ಮ್ಯಾಲ ಹೋಗ್ರಿ.”

“ಬರ್ತಾರ,” ಎಂದಳು ಉಮಾಬಾಯಿ.

ಮನೆ ಮುಟ್ಟುವಷ್ಟರಲ್ಲಿ ಅಮರೇಶಪ್ಪನವರ ದವಡೆ ಊದಿಕೊಂಡಿತ್ತು. ಮುರಿದ ಹಲ್ಲಿನ ಬೇರಿನಲ್ಲಿ ಬೆಂಕಿ ಇಟ್ಟಂತೆ ಉರಿ. ಮೈ ಕೆಂಡವಾಗಿತ್ತು, ಹಲ್ಲುಗಳು, ಉಳಿದಷ್ಟು, ಗಡಗಡ ನಡುಗುತ್ತಿದ್ದವು. ಹಾಸಿಗೆಯ ಮೇಲೆ ಬಿದ್ದುಕೊಂಡು, ಕೌದಿ ಎಳೆದುಕೊಂಡು, ನಿಜವಾಗಿ, ಎದೆಯಾಳದಿಂದ ಒಮ್ಮೆ ನರಳಿದರು.

ಉಮಾಬಾಯಿ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

“ಒಂದ ಆತು. ಇನ್ನ ಮೂರ ಸಲ ನರಳ್ರಿ,” ಎಂದಳು.