ಓದಾಕೆ ಬಾರದ ಬಳ್ಳಿ ಅಕ್ಷರ

"ಎದುರಿನ ಬೋರ್ಡಿನಾಗೆ ಏನ್ ಬರ್ದೈತ್ರೀ?"

ನನ್ನ ಹೆಂಡತಿ ಕೊನೆಗೆ ಕೇಳಿದ್ದು ಇದು. ಚಿತ್ರದುರ್ಗದ ಆಸ್ಪತ್ರೆ, ಕಿಟಕಿ ಪಕ್ಕದ ಮಂಚ. ಬೋರ್ಡಿನಲ್ಲಿ ಬಳ್ಳಿ ಅಕ್ಷರ. ಕೈಯಲ್ಲಿ ಬರೆದ ಹಂಗೆ ಕಾಣೋ ಕಂಪ್ಯೂಟರ್ ಅಕ್ಷರ, ಸುತ್ತಿ ಸುತ್ತಿ ಬಾಲ ಬಿಟ್ಟಿರುತ್ತೆ. ನಾನು ಮೂವತ್ತು ವರ್ಷ ಬ್ರಷ್‌ನಲ್ಲಿ ಬೋರ್ಡ್ ಬರೆದವನು. ಆದರೂ ಕೂಡಿಸಿ ಓದೋದು ತಡ ಆಯಿತು. ತಿರುಗಿ ನೋಡಿದರೆ ಅವಳು ಹೋಗಿಬಿಟ್ಟಿದ್ದಳು.

ಚಿಕನ್ ಸೆಂಟರ್ ಅಂತ ಇತ್ತು.

ಈ ಅಕ್ಷರ ಬಂದಾಗಿನಿಂದ ನನಗೆ ಇಂಥವೇ ಆಗ್ತಾ ಬಂದಿವೆ. ಬ್ರಷ್ ಕೆಲಸ ಹೋಯಿತು. ಈಗ ಫ್ಲೆಕ್ಸ್ ಕಟ್ಟುತ್ತೇನೆ.

೧

ಹಿರಿಯೂರು ಹೈವೇ ಹೋಟೆಲಿನ ಹಿಂದೆ ಬಳ್ಳಿ ಅಕ್ಷರದ ಒಂದು ಫ್ಲೆಕ್ಸ್ ಬೋರ್ಡ್ ಕಟ್ಟುತ್ತಿದ್ದೆ. ಬಸ್ಸಿಳಿದು ಒಬ್ಬ ಅಜ್ಜ ಬಂದ.

"ಪಾಯಖಾನೆ ಎಲ್ಲೈತಪ್ಪ?"

"ಗೊತ್ತಿಲ್ಲ ಅಜ್ಜ."

"ನೀ ಕಟ್ತಿರೋ ಬೋರ್ಡಿನಾಗೆ ಏನ್ ಬರ್ದೈತೆ?"

"ಅದೂ ಗೊತ್ತಿಲ್ಲ."

ಅಜ್ಜ ಬೋರ್ಡಿನ ಹಿಂದೆ ಹೋಗಿ ಕುಂತ. ಮಾಲೀಕ ಓಡಿ ಬಂದ. "ಶೌಚಾಲಯ ಅಂತ ಇಷ್ಟ್ ದಪ್ಪಕೆ ಹಾಕ್ಸೀನಿ, ಕಣ್ ಕಾಣಲ್ವೇನಜ್ಜ?"

ಅಜ್ಜ ಕುಂತಲ್ಲಿಂದಲೇ ಹೇಳಿದ, "ಹಂಗಾದ್ರೆ ಸರಿಯಾದ ಜಾಗದಾಗೇ ಕುಂತೀನಿ ಬಿಡಪ್ಪ."

೨

ಹೊಸದುರ್ಗದಲ್ಲಿ ಬಟ್ಟೆ ಅಂಗಡಿ ಫ್ಲೆಕ್ಸ್ ಕಟ್ಟಿದೆ. ಮಾಲೀಕ ಸೊಂಟಕ್ಕೆ ಕೈ ಕೊಟ್ಟು ನೋಡಿ, "ಈಗ ಅಂಗಡಿಗೆ ಕಳೆ ಬಂತು" ಅಂದ. ಮೂರನೇ ದಿನ ಅವನ ಮಗಳು ಕತ್ತು ವಾರೆ ಮಾಡಿ ನೋಡಿದಳು.

"ಅಪ್ಪ, ಇದು ತಲೆಕೆಳಗೈತೆ."

ಅವನು ಮತ್ತೊಮ್ಮೆ ನೋಡಿದ. "ಇರ್ಲಿ ಬಿಡು. ಹಿಂಗೇ ಚಂದ ಐತೆ."

೩

ಹೆಂಡತಿಯ ತಿಥಿ ಕಾರ್ಡಿಗೆ ಹೊಳಲ್ಕೆರೆಯ ಪ್ರೆಸ್ಸಿಗೆ ಹೋದೆ. "ಸಾದಾ ಅಕ್ಷರ ಹಾಕಪ್ಪ. ಅವಳ ಹೆಸರನ್ನಾದ್ರೂ ಜನ ಓದಂಗಿರಲಿ" ಅಂದೆ. ಪ್ರೆಸ್ಸಿನವನು ಹೂಂ ಅಂದ. ಕಾರ್ಡು ಬಂತು. ಬಂಗಾರದ ಬಣ್ಣ, ಬಳ್ಳಿ ಅಕ್ಷರ.

"ಅಕ್ಕನ ಕಾರ್ಡು, ಚಂದ ಇರ್ಲಿ ಅಂತ ಹಾಕ್ದೆ ಅಣ್ಣ."

ಮತ್ತೆ ಹಾಕಿಸೋಕೆ ದಿನ ಇರಲಿಲ್ಲ. ಹಂಚಿದೆ.

ತಿಥಿ ದಿನ ಯಲ್ಲದಕೆರೆಯ ನನ್ನ ಗೆಳೆಯ ಬಂದ. ಕುರಿಯವನು. ಕುರಿ ಹೊಡ್ಕಂಡು ದೂರ ಹೋಗಿದ್ದ, ಸಾವಿನ ಸುದ್ದಿ ಮುಟ್ಟಿರಲಿಲ್ಲ. ಮನೆಗೆ ಬಂದಾಗ ನನ್ನ ಕಾರ್ಡು ಸಿಕ್ಕಿದೆ, ಓದೋಕೆ ಬಂದಿದ್ದು ತಾರೀಖು ಮಾತ್ರ, ಹೊರಟಿದ್ದಾನೆ. ತಲೆಗೆ ಹೊಸ ರುಮಾಲು, ಕೈಯಲ್ಲಿ ಸೀರೆ, ಡಜನ್ ಬಳೆ.

"ಯಾರ ಮದ್ವೆ ಅಣ್ಣ? ಅಕ್ಕನ್ನ ಕರೀರಿ, ಮೊದ್ಲು ಅವ್ರ ಕೈಗೆ ಸೀರೆ ಕೊಡಾಣ."

ಪಂಕ್ತಿಯಲ್ಲಿ ಉಣ್ಣೋರ ಕೈ ನಿಂತಿತು.

"ಅವಳ ತಿಥೀನೇ ಕಣಪ್ಪ" ಅಂದೆ.

ಅವನು ಕಾರ್ಡು ತೆಗೆದು ಹಿಂದೆ ಮುಂದೆ ತಿರುವಿದ. ಸೀರೆ ತೊಡೆ ಮೇಲಿಟ್ಟುಕೊಂಡು ಕುಂತೇಬಿಟ್ಟ. ಆಮೇಲೆ ಮೆಲ್ಲಗೆ ಕೇಳಿದ, "ಅಣ್ಣ, ಹಂಗಾದ್ರೆ ವಾಲಗದೋರನ್ನ ವಾಪಸ್ ಕಳಿಸ್ಲಾ? ತಿರುವಿನಾಗೆ ನಿಂತಾರೆ. ನನ್ ಕಡೆಯಿಂದ ಇರ್ಲಿ ಅಂತ ಕರ್ಕಂಡ್ ಬಂದಿದ್ದೆ."

"ಕರಿ. ಉಂಡು ಹೋಗ್ಲಿ."

ಯಾರೋ ನಕ್ಕರು. ನಾನೂ ನಕ್ಕೆ. ನಿಲ್ಲಿಸೋಕೆ ಆಗಲಿಲ್ಲ. ಗೆಳೆಯ ನನ್ನ ಬೆನ್ನು ಸವರಿದ.

ಮಾರನೇ ದಿನ ಬೆಳಿಗ್ಗೆ ಕರಿ ಬಣ್ಣ ಕಲಸಿಕೊಂಡು ಮಣ್ಣು ಮಾಡಿದ ಜಾಗಕ್ಕೆ ಹೋದೆ. ತಲೆ ಕಡೆ ಕಲ್ಲಿನ ಮೇಲೆ ಅವಳ ಹೆಸರು ಬರೆದೆ. ಒಂದೊಂದೇ ಅಕ್ಷರ, ದಪ್ಪಗೆ. ಆಮೇಲೆ ರಸ್ತೆಗೆ ಹೋಗಿ ನಿಂತು ಓದಿ ನೋಡಿದೆ.