ಮಾವನ ಅಟ್ಟ ಹತ್ತಿದ ಪ್ರಬಂಧ

ನನ್ನ ಸೋದರಮಾವನಂಥ ಸಾಹಿತ್ಯ ವಿಮರ್ಶಕರು ಇಡೀ ಚಿತ್ರದುರ್ಗ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಏಕೆಂದರೆ ಅವರು ಬರಹವನ್ನು ಓದುವುದಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ!

ತಪ್ಪು ಅವರದಲ್ಲ. ಹೊಸದುರ್ಗದ ಹತ್ತಿರ ಅವರಿಗೆ ತೆಂಗಿನ ತೋಟವಿದೆ. ಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷ ಬಿಟ್ಟರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನುತ್ತದೆ. ಆಮೇಲೆ ಇಳಿಸುವುದು. ಮಾವ ಈ ಪದ್ಧತಿಯನ್ನು ಲೋಕಕ್ಕೆಲ್ಲ ಅನ್ವಯಿಸಿದ್ದಾರೆ. ಒಮ್ಮೆ ಪಕ್ಕದ ತೋಟದವನ ಮೇಲೆ ಬರೆದ ತಕರಾರು ಅರ್ಜಿಯನ್ನೂ ಅಟ್ಟಕ್ಕೆ ಹಾಕಿದ್ದರು. ಅದು ಒಣಗುವಷ್ಟರಲ್ಲಿ ಇಬ್ಬರೂ ಬೀಗರಾಗಿದ್ದರು.

ಅವರ ಅಂಗಿಯ ಎರಡನೇ ಗುಂಡಿ ಕಿತ್ತುಹೋಗಿ ಬಹಳ ದಿನವಾಗಿತ್ತು. ಅದನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು. ಅತ್ತೆ ಸೂಜಿ ತಂದರೆ, "ಇರ್ಲಿ ಬಿಡೇ, ಗಾಳಿಯಾಡ್ತೈತೆ" ಎನ್ನುತ್ತಿದ್ದರು.

ನಾನು ದುರ್ಗದಲ್ಲಿ ಟೀಚರು, ಬರೆಯುವ ಚಟವಿದೆ. ಅಮ್ಮ ತೀರಿಕೊಂಡ ಮೇಲೆ ಅವಳ ಬಗ್ಗೆ ಒಂದು ಪ್ರಬಂಧ ಬರೆದೆ. ವರ್ಷದ ಕಾರ್ಯದ ಹೊತ್ತಿಗೆ ಅದು ಅಚ್ಚಾಗಲೇಬೇಕೆಂದು ಹಟ. ಕಳಿಸುವ ಮೊದಲು ಅಮ್ಮನ ತಮ್ಮನಿಗೆ ಓದಿ ಹೇಳೋಣವೆಂದು ಹೊಸದುರ್ಗದ ಬಸ್ಸು ಹತ್ತಿದೆ. ಕೈಬರಹ, ಇದ್ದದ್ದು ಒಂದೇ ಪ್ರತಿ!

ಮಾವ ಕಾಯಿ ಸುಲಿಯುತ್ತಲೇ ಪೂರ್ತಿ ಕೇಳಿದರು.

"ನಮ್ಮಕ್ಕ ಎಲ್ಲವ್ಳೆ ಇದ್ರಾಗೆ?"

"ಎಲ್ಲಾ ಕಡೆ ಅವ್ಳೇ ಇದಾಳಲ್ಲ ಮಾವ! ಮಮತೆಯ ಕಡಲು ಅಂತ ಬರ್ದಿದೀನಿ."

"ಕಡ್ಲಾ? ಅಕ್ಕ ನೋಡಿದ್ದು ಮಾರಿಕಣಿವೆ ಡ್ಯಾಮು ಒಂದೇ ಕಣವ್ವ."

ಹಾಳೆಗಳನ್ನು ಕಸಿದುಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ, "ಇನ್ನೂ ನೀರೈತೆ" ಎಂದು ಅಟ್ಟಕ್ಕೆ ಹಾಕಿದರು. ಏಣಿಯನ್ನೂ ತೆಗೆದಿಟ್ಟರು.

ವರ್ಷದ ಕಾರ್ಯ ಪ್ರಬಂಧವಿಲ್ಲದೆ ಮುಗಿಯಿತು. ಅವತ್ತು ಮಾವ ಹೋಳಿಗೆ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿದೆ. ನನಗೆ ಹೋಳಿಗೆ ಎಂದರೆ ಪ್ರಾಣ, ಸಿಟ್ಟಿನ ಪ್ರಮಾಣವನ್ನು ನೀವೇ ಊಹಿಸಿಕೊಳ್ಳಿ.

ಕೊಬ್ಬರಿ ಇಳಿಸುವ ಕಾಲಕ್ಕೆ ಮಾವನ ಫೋನ್ ಬಂತು. "ನಿಂದೂ ಇಳ್ಸಿದೀನಿ. ಬಂದು ತಗಂಡೋಗು."

ಒಂದು ಮೂಲೆಯನ್ನು ಇಲಿ ತಿಂದಿತ್ತು, ಅದೂ ವಿಶೇಷಣಗಳು ದಟ್ಟವಾಗಿದ್ದ ಮೂಲೆಯನ್ನೇ. ಜಿಲ್ಲೆಯಲ್ಲಿ ವಿಮರ್ಶಕರು ಇಬ್ಬರಾದರು! ಉಳಿದದ್ದನ್ನು ಜಗುಲಿಯ ಮೇಲೆ ಕೂತು, ಯಾರೋ ಬರೆದದ್ದೆಂಬಂತೆ ಓದಿದೆ. ನಾಚಿಕೆಯಾಯಿತು. ಆರು ಪುಟಗಳಲ್ಲಿ ನಾನು ಹನ್ನೊಂದು ಸಲ ಅತ್ತಿದ್ದೆ. ಅಮ್ಮ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.

ಮತ್ತೆ ಬರೆದೆ, ಎರಡೇ ಪುಟ. ಅಮ್ಮ ತವರಿಗೆ ಬಂದವಳೇ ಚೀಲ ಇಳಿಸುವ ಮೊದಲು ತಮ್ಮನ ಅಂಗಿ ನೋಡುತ್ತಿದ್ದದ್ದು, ಬಿಚ್ಚಲೂ ಬಿಡದೆ ಮೈಮೇಲೆಯೇ ಗುಂಡಿ ಹೊಲಿಯುತ್ತಿದ್ದದ್ದು, "ಅಲ್ಲಾಡ್ಬ್ಯಾಡ ಕಣಲೇ, ಚುಚ್ತೈತೆ" ಎಂದು ಗದರುತ್ತಿದ್ದದ್ದು. ಅಷ್ಟೇ.

ಮುಂದಿನ ಭಾನುವಾರ ಹೋಗಿ ಓದಿ ಹೇಳಿದೆ. ಕಾಯಿ ಸುಲಿಯುವ ಸದ್ದು ನಡುವೆಯೇ ನಿಂತಿತ್ತು. ಮುಗಿದ ಮೇಲೆ ಹಾಳೆ ಚಾಚಿದೆ. ಮಾವ ಅಲ್ಲಾಡಿಸಲಿಲ್ಲ.

"ಅಟ್ಟಕ್ಕೆ ಬ್ಯಾಡ, ಕಳ್ಸು" ಎಂದರು. ಜೇಬಿಗೆ ಕೈ ಹಾಕಿ ಗುಂಡಿ ತೆಗೆದರು. "ಸೂಜಿ ಐತೇನವ್ವ ನಿನ್ ಬ್ಯಾಗಿನಾಗೆ?"

ಅಮ್ಮ ಇಲ್ಲವೆಂಬುದು ಅವತ್ತಿನಷ್ಟು ನನ್ನನ್ನು ಎಂದೂ ನೋಯಿಸಿರಲಿಲ್ಲ. ಅತ್ತೆಯ ಸೂಜಿಗೆ ದಾರ ಪೋಣಿಸಿಕೊಂಡು ಬಂದು ಅವರ ಎದುರು ಕೂತೆ. ಮಾವನ ಎದೆ ನಡುಗುತ್ತಿತ್ತು.

"ಅಲ್ಲಾಡ್ಬ್ಯಾಡ ಮಾವ," ಎಂದೆ, "ಚುಚ್ತೈತೆ."